ಲೀಡ್ಸ್–ಮ್ಯಾಂಚೆಸ್ಟರ್ ನಡುವಿನ ಹಳೇ ಗಿರಣಿ ಊರಲ್ಲಿ ಮನೆ: ಆಫರ್ ಹಾಕುವ ಮೊದಲು ಏನೇನು ನೋಡಬೇಕು?

ಬಾಡಿಗೆ_ಸಾಕಾಯ್ತು:

ಲೀಡ್ಸ್, ಮ್ಯಾಂಚೆಸ್ಟರ್ ಎರಡಕ್ಕೂ ದಿನಾ ರೈಲಲ್ಲಿ ಓಡಾಡಬಹುದಾದ ಕ್ಯಾಲ್ಡರ್ ಕಣಿವೆಯಲ್ಲಿ ಮನೆ ಹುಡುಕುತ್ತಿದ್ದೇವೆ. ಎರಡು ಆಯ್ಕೆ ಉಳಿದಿವೆ. ಒಂದು, ನದಿ ಪಕ್ಕದ ಬಟ್ಟೆ ಗಿರಣಿಯನ್ನು ಫ್ಲ್ಯಾಟ್‌ಗಳಾಗಿ ಮಾಡಿರುವ ಕಟ್ಟಡದಲ್ಲಿ ಮೂರನೇ ಮಹಡಿ, ಲೀಸ್‌ಹೋಲ್ಡ್ (ಕಟ್ಟಡ ಬೇರೆಯವರದ್ದು, ನಿಗದಿತ ವರ್ಷಗಳ ಹಕ್ಕು ಮಾತ್ರ ಕೊಳ್ಳೋದು). ಕಬ್ಬಿಣದ ಕಂಬ, ಮರದ ತೊಲೆ, ಬರಿಗಲ್ಲಿನ ಗೋಡೆ ಎಲ್ಲಾ ಹಾಗೇ ಇಟ್ಟಿದ್ದಾರೆ. ಇನ್ನೊಂದು, ಹೆಬ್ಡನ್ ಬ್ರಿಡ್ಜ್‌ನ ಗುಡ್ಡದ ಮೇಲೆ ಗಿರಣಿ ಕಾರ್ಮಿಕರಿಗಾಗಿ ಕಟ್ಟಿದ ಸಾಲುಮನೆ, ಅದರ ಕೆಳಗೆ ಬೇರೆಯವರ ಮನೆ. ಕಟ್ಟಡ, ಕಾಗದಪತ್ರ, ನೀರು, ಇವುಗಳಲ್ಲಿ ಎಲ್ಲಿ ಪೆಟ್ಟು ಬೀಳುತ್ತೆ? ಬ್ಯಾಂಕ್ ಸಾಲದ ಲೆಕ್ಕ ಬೇಡ, ಅದು ಗೊತ್ತಿದೆ.

ಸುಣ್ಣದಗಾರೆ:

ಕಟ್ಟಡದ ಬಗ್ಗೆ ನಾನು ಹೇಳ್ತೀನಿ, ಮಿಕ್ಕಿದ್ದು ಬೇರೆಯವರು ಹೇಳಲಿ.

ಮೊದಲು ಕಂಬ. ಅದು ಬೀಡು ಕಬ್ಬಿಣ, ಈಗಿನ ಉಕ್ಕಲ್ಲ. ಮೇಲಿನ ಭಾರ ಚೆನ್ನಾಗಿ ಹೊರುತ್ತೆ, ಎಳೆತ ತಡೆಯಲ್ಲ. ಬಾಗಿ ಮುನ್ಸೂಚನೆ ಕೊಡುವ ಗುಣವೂ ಇಲ್ಲ, ಒಡೆದರೆ ಒಮ್ಮೆಲೇ. ಟೊಳ್ಳು ಕಂಬ ಎರಕ ಹೊಯ್ಯುವಾಗ ಒಳಗಿನ ಅಚ್ಚು ಸರಿದರೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಆಗಿರುತ್ತೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ. ಅಮೆರಿಕದ ಲಾರೆನ್ಸ್‌ನಲ್ಲಿ 1860ರಲ್ಲಿ ಪೆಂಬರ್ಟನ್ ಗಿರಣಿ ಕುಸಿದಾಗ ತನಿಖೆಯಲ್ಲಿ ಸಿಕ್ಕಿದ್ದು ಇಂಥ ಕಂಬಗಳೇ. ಆದ್ದರಿಂದ ಕಟ್ಟಡದ ಮಾಲೀಕರ ಹತ್ತಿರ ಎಂಜಿನಿಯರ್ ವರದಿ ಕೇಳಿ. ಅದರಲ್ಲಿ ಕಂಬದ ಸುತ್ತ ಮೂರು ನಾಲ್ಕು ಕಡೆ ಅಲ್ಟ್ರಾಸೋನಿಕ್ ಮಾಪನದಿಂದ ದಪ್ಪ ಅಳೆದಿರಬೇಕು. "ಕಣ್ಣಿಗೆ ಸುಸ್ಥಿತಿಯಲ್ಲಿ ಕಂಡಿದೆ" ಅಂತ ಬರೆದಿದ್ದರೆ ಅದು ವರದಿಯೇ ಅಲ್ಲ. ಹಿಂದಿನವರು ಟಿವಿ ಸ್ಟ್ಯಾಂಡ್‌ಗೆ, ಉಯ್ಯಾಲೆಗೆ ಅಂತ ಕಂಬದಲ್ಲೋ ಬೀಡಿನ ತೊಲೆಯಲ್ಲೋ ತೂತು ಕೊರೆದಿದ್ದಾರಾ ನೋಡಿ. ಕೆಲವು ನೇಯ್ಗೆ ಶೆಡ್‌ಗಳಲ್ಲಿ ಮಾಡಿನ ಮಳೆನೀರು ಕಂಬದ ಟೊಳ್ಳಿನೊಳಗಿಂದಲೇ ಇಳಿಯುತ್ತಿತ್ತು. ಅಂಥ ಕಂಬದಲ್ಲಿ ಉದ್ದುದ್ದ ಬಿರುಕು ಕಂಡರೆ ಒಳಗೆ ನೀರು ಹೆಪ್ಪುಗಟ್ಟಿ ಸೀಳಿರುವ ಸಾಧ್ಯತೆ ಹೆಚ್ಚು.

ಎರಡನೇದು ಹೊರಗೋಡೆ. ಯಾರ್ಕ್‌ಶೈರ್‌ನಲ್ಲಿ ಕಲ್ಲಿನ ಸಂದಿಗೆ ಸಿಮೆಂಟನ್ನು ರಿಬ್ಬನ್ ಥರ ಉಬ್ಬಿಸಿ ಮೆತ್ತುವ ಕೆಟ್ಟ ಚಾಳಿ ಇತ್ತು. ಮರಳುಗಲ್ಲು ಮೆದು, ಸಿಮೆಂಟು ಗಟ್ಟಿ. ಸುಣ್ಣದ ಗಾರೆಯಾಗಿದ್ದರೆ ಗೋಡೆಯ ತೇವ ಸಂದಿಯಿಂದ ಹೊರಬರುತ್ತೆ, ಸಿಮೆಂಟಾದರೆ ಕಲ್ಲಿನಿಂದಲೇ ಬರಬೇಕು. ಚಳಿಗೆ ಅದು ಹೆಪ್ಪುಗಟ್ಟಿ ಕಲ್ಲಿನ ಮುಖ ಹಪ್ಪಳದ ಹಾಗೆ ಎದ್ದು ಬೀಳುತ್ತೆ. ಸಿಮೆಂಟಿನ ಗೆರೆ ಮುಂದಕ್ಕೆ ಚಾಚಿ ಕಲ್ಲು ಒಳಗೆ ಕೊರೆದಿದ್ದರೆ ಕೆಲಸ ಬಾಕಿ ಇದೆ ಅಂತ ಅರ್ಥ. ಅದನ್ನು ಉಳಿಯಲ್ಲಿ ಕೈಯಿಂದಲೇ ತೆಗೀಬೇಕು, ಗ್ರೈಂಡರ್ ಹಾಕಿದರೆ ಕಲ್ಲಿನ ಅಂಚು ಹಾಳು. ಸಂದಿಯ ಅಗಲದ ಕನಿಷ್ಠ ಎರಡರಷ್ಟು ಆಳ, ಸುಮಾರು 25 ಮಿ.ಮೀ., ಖಾಲಿ ಮಾಡಿ, ತೊಳೆದು, ನೀರುಗಟ್ಟುವ ಸುಣ್ಣ (ನೀರು ಸೇರಿದರೆ ಗಟ್ಟಿಯಾಗುವಂಥದ್ದು) ಒಂದು ಪಾಲಿಗೆ ಎರಡೂವರೆಯಿಂದ ಮೂರು ಪಾಲು ಒರಟು ಮರಳು ಸೇರಿಸಿ ತುಂಬಬೇಕು. ಆಮೇಲೆ ಕೆಲವು ದಿನ ಒದ್ದೆ ಗೋಣಿ ಹೊದಿಸಿಡಬೇಕು. ಐದು ಡಿಗ್ರಿಗಿಂತ ಕೆಳಗೆ ಹೋಗುವ ದಿನಗಳಲ್ಲಿ ಈ ಕೆಲಸ ಮಾಡಿಸಬಾರದು. ಆರು ಮಹಡಿಯ ಗಿರಣಿಗೆ ಹೊರಗಿಂದ ಅಟ್ಟ (ಸ್ಕ್ಯಾಫೋಲ್ಡಿಂಗ್) ಕಟ್ಟುವ ಖರ್ಚೇ ದೊಡ್ಡದು, ಅದು ಸರ್ವಿಸ್ ಚಾರ್ಜಿನಲ್ಲಿ, ಅಂದ್ರೆ ಕಟ್ಟಡದ ನಿರ್ವಹಣೆಗೆ ಫ್ಲ್ಯಾಟಿನವರು ಕೊಡುವ ಪಾಲಿನಲ್ಲಿ, ಎಲ್ಲರ ತಲೆಗೂ ಬರುತ್ತೆ.

ಮೂರನೇದನ್ನು ಯಾರೂ ನೋಡಲ್ಲ: ಮರದ ತೊಲೆ ಗೋಡೆಯೊಳಗೆ ಹೊಕ್ಕ ತುದಿ. ನಿಮ್ಮ ಫ್ಲ್ಯಾಟಿನಲ್ಲಿ ಒಂದೆರಡು ಗೋಡೆ ಬರಿಗಲ್ಲು, ಉಳಿದವಕ್ಕೆ ಒಳಗಿಂದ ಇನ್ಸುಲೇಷನ್ ಬೋರ್ಡ್ ಇರಬಹುದು. ಬೋರ್ಡ್ ಹಾಕಿದ ಮೇಲೆ ಕಲ್ಲು ಮೊದಲಿಗಿಂತ ತಣ್ಣಗಾಗುತ್ತೆ. ಅಡುಗೆ, ಸ್ನಾನದ ಆವಿ ಸಂದಿಯಲ್ಲಿ ನುಗ್ಗಿ ತೊಲೆಯ ತಣ್ಣನೆ ತುದಿಯಲ್ಲಿ ನೀರಾಗುತ್ತೆ. ತೇವ ಅಳೆಯುವ ಮೀಟರಿನ ಮುಳ್ಳನ್ನು ಗೋಡೆಗೆ ಸಾಧ್ಯವಾದಷ್ಟು ಹತ್ತಿರ ಚುಚ್ಚಿಸಿ. ಶೇ. 20 ದಾಟಿದರೆ ಕೊಳೆಯುವ ಅಪಾಯ ಶುರು.

ನೆಲದ ಹಲಗೆ ದಶಕಗಟ್ಟಲೆ ಯಂತ್ರದ ಎಣ್ಣೆ ಕುಡಿದಿರುತ್ತೆ, ಅಂಟು ಹಿಡಿಯಲ್ಲ, ಬಿಸಿಲಿಗೆ ವಾಸನೆ ಬರುತ್ತೆ. ಮೇಲಿನವರ ಹೆಜ್ಜೆ ಸದ್ದು ಕೇಳಿಸದೆ ಇರಲ್ಲ. ಮನೆ ನೋಡಲು ಮೇಲಿನವರು ಮನೇಲಿರುವ ಸಂಜೆ ಹೋಗಿ.

ಕಾಗದಪತ್ರ:

ಮೇಲಿನ ಉತ್ತರ ಓದಿದ ಮೇಲೆ ಗಿರಣಿ ಫ್ಲ್ಯಾಟಿಗೆ ಮುಖ್ಯ ಪ್ರಶ್ನೆ ಒಂದೇ: ಗಿರಣಿಯನ್ನು ಫ್ಲ್ಯಾಟ್ ಮಾಡಿದ್ದು ಯಾವ ವರ್ಷ?

ಕನಿಷ್ಠ 11 ಮೀಟರ್ ಎತ್ತರದ ಅಥವಾ ಕನಿಷ್ಠ ಐದು ಮಹಡಿಯ ಕಟ್ಟಡಗಳಲ್ಲಿ ಬೆಂಕಿ ಮತ್ತು ರಚನೆಯ ದೋಷದ ಖರ್ಚಿನಿಂದ ಲೀಸ್‌ದಾರರಿಗೆ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ರಕ್ಷಣೆ ಕೊಡುತ್ತೆ. ಆದರೆ ಅದು 2022ರ ಜೂನ್ 28ಕ್ಕೆ ಹಿಂದಿನ 30 ವರ್ಷಗಳಲ್ಲಿ ನಡೆದ ಕೆಲಸದ ದೋಷಕ್ಕೆ. 1980ರ ದಶಕದಲ್ಲಿ ಫ್ಲ್ಯಾಟ್ ಆದ ಗಿರಣಿಯ ಮೂಲ ಪರಿವರ್ತನೆ ಇದರೊಳಗೆ ಬರಲ್ಲ. ವಿಕ್ಟೋರಿಯಾ ಕಾಲದ ಕಂಬದ ಹಳೇ ದೋಷ ಹೇಗೂ ಬರಲ್ಲ. ಜೊತೆಗೆ, ಲೀಸು 2022ರ ಫೆಬ್ರವರಿ 14ರಂದು ಈ ರಕ್ಷಣೆಗೆ ಅರ್ಹವಾಗಿತ್ತು ಅನ್ನೋ ಲೀಸ್‌ಹೋಲ್ಡರ್ ಸರ್ಟಿಫಿಕೇಟನ್ನು ಮಾರುವವರಿಂದ ಪಡೆಯಿರಿ.

ಎಲ್‌ಪಿಇ1 ಫಾರ್ಮ್ (ಲೀಸ್ ಮನೆ ಮಾರುವಾಗ ಕಟ್ಟಡದ ಮಾಲೀಕರ ಕಡೆಯವರು ಕೊಡುವ ಮಾಹಿತಿ) ಬಂದಾಗ ಮೂರು ವರ್ಷದ ಸರ್ವಿಸ್ ಚಾರ್ಜ್ ಲೆಕ್ಕ, ಮೀಸಲು ನಿಧಿ, ಸೆಕ್ಷನ್ 20 ನೋಟಿಸ್ ಇವುಗಳನ್ನು ನೋಡಿ. ಒಬ್ಬ ಲೀಸ್‌ದಾರನ ಪಾಲು 250 ಪೌಂಡ್ ಮೀರುವ ದುರಸ್ತಿಗೆ ಆ ನೋಟಿಸ್ ಕೊಡಲೇಬೇಕು. ಮೀಸಲು ನಿಧಿ ಖಾಲಿ, ಚಾರ್ಜೂ ಕಡಿಮೆ ಅಂದ್ರೆ ಖುಷಿಪಡಬೇಡಿ, ದುರಸ್ತಿ ಮುಂದೂಡಿದ್ದಾರೆ ಅಷ್ಟೆ. ಲಿಸ್ಟೆಡ್ ಕಟ್ಟಡವಾದರೆ (ಪಾರಂಪರಿಕ ಅಂತ ಪಟ್ಟಿಗೆ ಸೇರಿದ್ದು) ಹಿಂದಿನವರು ಅನುಮತಿ ಇಲ್ಲದೆ ಬದಲಿಸಿದ ಕಿಟಕಿಯನ್ನು ಸರಿಪಡಿಸುವ ನೋಟಿಸ್ ನಿಮಗೆ ಬರಬಹುದು, ಅದಕ್ಕೆ ಕಾಲಮಿತಿ ಇಲ್ಲ.

ಇನ್ನು ಹೆಬ್ಡನ್ ಬ್ರಿಡ್ಜ್ ಮನೆ. ಇಳಿಜಾರು ಕಡಿದಾಗಿದ್ದಕ್ಕೆ ಅಲ್ಲಿ ಮನೆ ಮೇಲೆ ಮನೆ ಕಟ್ಟಿದರು. ಕೆಳಮನೆಗೆ ಕೆಳಗಿನ ಬೀದಿಯಲ್ಲಿ ಬಾಗಿಲು, ಮೇಲ್ಮನೆಗೆ ಹಿಂದಿನ ಬೀದಿಯಲ್ಲಿ. ಇಬ್ಬರಿಗೂ ಫ್ರೀಹೋಲ್ಡ್ (ಪೂರ್ಣ ಒಡೆತನ) ಇದ್ದರೆ ನಿಮ್ಮದು ಗಾಳಿಯಲ್ಲಿ ನಿಂತ ಫ್ರೀಹೋಲ್ಡ್. ಕ್ರಯಪತ್ರದಲ್ಲಿ ಮೂರು ವಿಷಯ ಇರಲೇಬೇಕು: ಕೆಳಮನೆ ನಿಮ್ಮನ್ನು ಹೊರುವ ಹೊಣೆ, ದುರಸ್ತಿಗೆ ಪರಸ್ಪರ ಒಳಬಿಡುವ ಹಕ್ಕು, ಮಾಡು ಮತ್ತು ಚರಂಡಿ ಖರ್ಚಿನ ಹಂಚಿಕೆ. ಇಲ್ಲದಿದ್ದರೆ ನೆರೆಯವರ ಜೊತೆ ಹೊಸ ಪತ್ರ ಮಾಡಿಸದೆ ಮುಂದುವರಿಯಬೇಡಿ.

ಗಾಯ್ಟ್_ಹುಡುಕಿ:

ನೆಲ, ನೀರು. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಇಂಗ್ಲೆಂಡಿನ ಹಳೇ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಈಗಿನ ಚಿತ್ರದ ಮೇಲೆ ಹಳೇದನ್ನು ಹೊದಿಸಿ ನೋಡಬಹುದು. ಗಿರಣಿಯ ಅಂಗಳದಲ್ಲಿ ಬಣ್ಣದ ಮನೆ (ಬಟ್ಟೆಗೆ ಬಣ್ಣ ಹಾಕುತ್ತಿದ್ದ ಜಾಗ), ಗ್ಯಾಸ್ ಹೌಸ್ (ಕಲ್ಲಿದ್ದಲಿನಿಂದ ದೀಪದ ಗ್ಯಾಸ್ ಮಾಡುತ್ತಿದ್ದ ಜಾಗ), ಕೆರೆ, ಗಾಯ್ಟ್ ಎಲ್ಲೆಲ್ಲಿ ಬರೆದಿದೆ ಗುರುತು ಹಾಕಿಕೊಳ್ಳಿ. ಗಾಯ್ಟ್ ಅಂದ್ರೆ ನದಿಯಿಂದ ಗಿರಣಿಯ ನೀರಿನ ಚಕ್ರಕ್ಕೆ ನೀರು ತರುತ್ತಿದ್ದ ಕಾಲುವೆ. ಎಷ್ಟೋ ಕಡೆ ಅದು ಈಗ ಪಾರ್ಕಿಂಗ್ ಕೆಳಗೆ ಮುಚ್ಚಿಹೋಗಿದೆ, ಆದರೆ ನೀರು ಹರಿಯೋದು ನಿಂತಿಲ್ಲ. ತಮ್ಮ ಜಾಗದೊಳಗೆ ಅದು ಕಸ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಜಾಗದ ಮಾಲೀಕರದ್ದು, ಬಿಲ್ ಮತ್ತೆ ಸರ್ವಿಸ್ ಚಾರ್ಜಿಗೇ. ಗ್ಯಾಸ್ ಹೌಸ್ ಇದ್ದ ಕಡೆ ಡಾಂಬರು, ಬಣ್ಣದ ಮನೆ ಇದ್ದ ಕಡೆ ಕ್ರೋಮಿಯಂ, ಆರ್ಸೆನಿಕ್ ಮಣ್ಣಲ್ಲಿರಬಹುದು. ಮಣ್ಣು ಶುದ್ಧೀಕರಣದ ಷರತ್ತು ಪೂರೈಸಿದ ದಾಖಲೆ ಕೌನ್ಸಿಲಿನ ಯೋಜನಾ ಕಡತದಲ್ಲಿರುತ್ತೆ, ಅದನ್ನೇ ತೆಗೆಸಿ.

2015ರ ಡಿಸೆಂಬರ್ 26ರಂದೂ 2020ರ ಫೆಬ್ರವರಿಯಲ್ಲೂ ಈ ಕಣಿವೆಯಲ್ಲಿ ನೆರೆ ಬಂತು. ಮೂರನೇ ಮಹಡಿ ನೆನೆಯಲ್ಲ ನಿಜ. ಆದರೆ ವಿದ್ಯುತ್ ಮೀಟರ್, ಲಿಫ್ಟಿನ ಗುಂಡಿ, ಬೆಂಕಿ ಎಚ್ಚರಿಕೆಯ ಪ್ಯಾನಲ್, ನೀರಿನ ಪಂಪು ನೆಲಮಾಳಿಗೆಯಲ್ಲಿದ್ದರೆ ನಿಮ್ಮ ಮನೆ ಒಣಗಿದ್ದೂ ಹೊರಗಿರಬೇಕಾಗುತ್ತೆ. ಅವು ನೆರೆಯ ಗುರುತಿಗಿಂತ ಮೇಲಿವೆಯಾ ಖುದ್ದು ಇಳಿದು ನೋಡಿ. ಇಡೀ ಕಟ್ಟಡದ ವಿಮೆಗೆ ಫ್ಲಡ್ ರೀ ಯೋಜನೆ (ನೆರೆ ಅಪಾಯದ ಮನೆಗಳಿಗೆ ವಿಮೆ ಕೈಗೆಟುಕುವಂತೆ ಮಾಡುವುದು) ದೊಡ್ಡ ಫ್ಲ್ಯಾಟ್ ಸಮುಚ್ಚಯಗಳಿಗೆ ಸಿಗಲ್ಲ, ನಿಮ್ಮ ಸಾಮಾನಿನ ವಿಮೆಗೆ ಸಿಗಬಹುದು.

ಬಾಡಿಗೆ_ಸಾಕಾಯ್ತು:

ಎಲ್ಲರಿಗೂ ಥ್ಯಾಂಕ್ಸ್. ಕೊಳ್ಳುವ ಮೊದಲಿನ ಮನೆ ತಪಾಸಣೆಗೆ ಸಾಧಾರಣ ಮಟ್ಟದ ಲೆವೆಲ್ 2 ಸರ್ವೆ ಸಾಕಾ? ಇನ್ನೊಂದು, ಊರು ಇನ್ನೂ ದುಬಾರಿಯಾಗುತ್ತೆ ಅಂತ ಏಜೆಂಟ್ ಹೇಳ್ತಾರೆ, ಅದನ್ನು ನಂಬಬಹುದಾ?

ಸುಣ್ಣದಗಾರೆ:

ಸಾಲುಮನೆಗೆ ಇನ್ನೂ ಆಳವಾದ ಲೆವೆಲ್ 3 ಮಾಡಿಸಿ, ಸಾಧ್ಯವಾದರೆ ಕೆಳಮನೆಯ ಹಿಂಗೋಡೆಯನ್ನೂ ನೋಡಲು ಒಪ್ಪಿಸಿ. ಅದು ಗುಡ್ಡದ ಮಣ್ಣಿಗೆ ಒರಗಿರುತ್ತೆ, ನಿಮ್ಮ ಭಾರ ಅದರ ಮೇಲಿದೆ. ಫ್ಲ್ಯಾಟಿಗೆ ಲೆವೆಲ್ 3 ಆದರೂ ಸರ್ವೇಯರ್ ನಿಮ್ಮ ಬಾಗಿಲೊಳಗೆ ಮತ್ತು ಹೊರಗಿಂದ ಕಂಡಷ್ಟೇ ನೋಡೋದು. ಕಂಬ, ಮಾಡು, ಮಾಡಿನ ಎರಡು ಇಳಿಜಾರು ಕೂಡುವಲ್ಲಿ ಮಳೆನೀರು ಹರಿಯುವ ಸೀಸದ ದೋಣಿ ಇವಕ್ಕೆ ಕಟ್ಟಡದ ಮಾಲೀಕರ ವರದಿಯೇ ಬೇಕು.

ಗಾಯ್ಟ್_ಹುಡುಕಿ:

ಬೆಲೆಯ ಭವಿಷ್ಯಕ್ಕೆ ಏಜೆಂಟರಿಗಿಂತ ರೈಲಿನ ವೇಳಾಪಟ್ಟಿ ವಾಸಿ. ಬ್ರಾಡ್‌ಫರ್ಡ್ ಹತ್ತಿರದ ಹಳೇ ಗಿರಣಿ ಊರು ಸಾಲ್ಟೇರ್ ನೋಡಿ: 1965ರಲ್ಲಿ ಮುಚ್ಚಿದ್ದ ನಿಲ್ದಾಣ 1984ರಲ್ಲಿ ಮತ್ತೆ ತೆರೆಯಿತು, ಗಿರಣಿ ನಿಂತಿದ್ದು 1986ರಲ್ಲಿ. 90ರ ದಶಕದಲ್ಲಿ ಆ ಮಾರ್ಗಕ್ಕೆ ವಿದ್ಯುತ್ ಬಂತು, ಯುನೆಸ್ಕೋ ಪಟ್ಟಿಗೆ ಸೇರಿದ್ದು 2001ರಲ್ಲಿ. ಕೆಫೆ, ಗ್ಯಾಲರಿ ನೋಡಿ ಊರು ಬದಲಾಯ್ತು ಅಂತಾರೆ, ದಿನಾ ಲೀಡ್ಸಿಗೆ ಹೋಗಿಬರುವ ದಾರಿ ಇಲ್ಲದಿದ್ದರೆ ಅಷ್ಟು ಜನ ಅಲ್ಲಿ ಮನೆ ಕೊಳ್ಳುತ್ತಿರಲಿಲ್ಲ. ಕ್ಯಾಲ್ಡರ್ ಮಾರ್ಗದಲ್ಲಿ ಇನ್ನೂ ಡೀಸೆಲ್ ರೈಲು. ಆಫರ್ ಹಾಕುವ ಮುಂಚೆ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಷ್ಟು ಬೋಗಿ ಬರುತ್ತೆ, ಎಷ್ಟು ಜನ ಹತ್ತಲಾಗದೆ ಉಳೀತಾರೆ ಎಣಿಸಿ. ವಾಪಸ್ ಬರುವ ಕೊನೆಯ ರೈಲಿನ ಸಮಯವನ್ನೂ ಭಾನುವಾರದ್ದನ್ನೂ ಸೇರಿಸಿ ನೋಡಿ. ಸಾಲುಮನೆಗಳನ್ನು ಕಾರಿಲ್ಲದ ಕಾಲದಲ್ಲಿ ಕಟ್ಟಿದ್ದು, ಹಾಗಾಗಿ ಪಾರ್ಕಿಂಗ್ ಪರ್ಮಿಟ್ ಇದ್ದರೂ ರಾತ್ರಿ ಎಂಟರ ಮೇಲೆ ಬೀದಿಯಲ್ಲಿ ಜಾಗ ಸಿಗುತ್ತಾ ಅನ್ನೋದನ್ನೂ ಅದೇ ದಿನ ಪರೀಕ್ಷಿಸಿಬಿಡಿ.