ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ: ಯಾವ ಪದವಿಯಲ್ಲಿ ಏನು ಓದಬೇಕಾಗುತ್ತದೆ?

ಪ್ರಶ್ನೆ: ಪದವಿಗೆ ಸೇರಲಿರುವ ನನ್ನ ಮಗಳಿಗೆ ತತ್ತ್ವಶಾಸ್ತ್ರ, ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರ ಈ ಮೂರರಲ್ಲೂ ಆಸಕ್ತಿಯಿದೆ. ಬಡತನ, ಅಸಮಾನತೆ, ಕೂಲಿಯಂಥ ವಿಷಯಗಳನ್ನು ಓದಬೇಕೆಂಬುದು ಅವಳ ಇಚ್ಛೆ. ವಿಶ್ವವಿದ್ಯಾಲಯಗಳ ಪರಿಚಯ ಪುಸ್ತಿಕೆಗಳನ್ನು ನೋಡಿದರೆ ಮೂರೂ ವಿಭಾಗಗಳು ಇವನ್ನೇ ಕಲಿಸುವುದಾಗಿ ಹೇಳಿಕೊಳ್ಳುತ್ತವೆ. ವಿದ್ಯಾರ್ಥಿಗಳಿಗೆ ಪದವಿಯ ಆಯ್ಕೆಯಲ್ಲಿ ಮಾರ್ಗದರ್ಶನ ಮಾಡುವ ತಾವು, ಇವುಗಳನ್ನು ಹೋಲಿಸುವ ಬಗೆಯನ್ನು ದಯವಿಟ್ಟು ತಿಳಿಸಿಕೊಡಿ.

ಉತ್ತರ: ಪುಸ್ತಿಕೆಗಳು ಹೇಳುವುದು ಸುಳ್ಳೇನಲ್ಲ, ಆದರೆ ಆಯ್ಕೆ ಮಾಡುವವರಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಓದುವ ವಿಷಯ ಒಂದೇ ಆಗಿದ್ದರೂ ಪ್ರತಿಯೊಂದು ವಿಭಾಗವೂ ವಿದ್ಯಾರ್ಥಿಯಿಂದ ವಾರವಾರ ಮಾಡಿಸುವ ಕೆಲಸ ಬೇರೆ, ಮತ್ತು ನೋಡಬೇಕಾದದ್ದು ಆ ಕೆಲಸವನ್ನು. ನಿಮ್ಮ ಮಗಳಿಗೆ ಕೂಲಿಯ ಪ್ರಶ್ನೆಯಲ್ಲಿ ಆಸಕ್ತಿಯಿರುವುದರಿಂದ ಕನಿಷ್ಠ ವೇತನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಅಮೆರಿಕದ ನ್ಯೂಜೆರ್ಸಿ ರಾಜ್ಯವು 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಮಳಿಗೆಗಳಲ್ಲಿ ಏರಿಕೆಗೆ ಮುಂಚೆ ಮತ್ತು ಆನಂತರ ಎಷ್ಟು ಜನ ಕೆಲಸದಲ್ಲಿದ್ದರೆಂದು ವಿಚಾರಿಸಿ, ವೇತನ ಏರಿದ್ದರಿಂದ ಉದ್ಯೋಗ ಕುಸಿದುದಕ್ಕೆ ಸಾಕ್ಷ್ಯ ಸಿಗಲಿಲ್ಲವೆಂದು 1994ರಲ್ಲಿ ಪ್ರಕಟಿಸಿದರು. ಬೇರೆ ಅಂಕಿಅಂಶಗಳನ್ನು ಬಳಸಿದ ಇತರ ಅರ್ಥಶಾಸ್ತ್ರಜ್ಞರು ಇದನ್ನು ಬಲವಾಗಿ ಪ್ರಶ್ನಿಸಿದರು. ಅರ್ಥಶಾಸ್ತ್ರದ ವಿದ್ಯಾರ್ಥಿಯ ಮುಂದೆ ಈ ಅಧ್ಯಯನ ಬಂದಾಗ, ಕಾನೂನು ಬಾರದೇ ಇದ್ದಿದ್ದರೆ ಎರಡೂ ರಾಜ್ಯಗಳ ಉದ್ಯೋಗ ಒಂದೇ ದಿಕ್ಕಿನಲ್ಲಿ ಸಾಗುತ್ತಿತ್ತೆಂದು ನಂಬಲು ಏನು ಆಧಾರ ಎಂದು ಅವಳು ಕೇಳಬೇಕು, ಸಮೀಕರಣ ಬರೆಯಬೇಕು, ಕಂಪ್ಯೂಟರಿನಲ್ಲಿ ದತ್ತಾಂಶವನ್ನು ಪರೀಕ್ಷಿಸಬೇಕು.

ತತ್ತ್ವಶಾಸ್ತ್ರದ ತರಗತಿಯಲ್ಲಿ ಈ ಅಂಕಿಗಳು ಬಹುತೇಕ ಪಕ್ಕಕ್ಕೆ ಸರಿಯುತ್ತವೆ. ಇಬ್ಬರು ವಯಸ್ಕರು ಒಪ್ಪಿ ಮಾಡಿಕೊಂಡ ಕರಾರಿನಲ್ಲಿ ಮೂರನೆಯವರು ಕೈಹಾಕುವುದು ಸರಿಯೇ, ಹಸಿವಿನಿಂದ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. 1971ರಲ್ಲಿ ಅಮೆರಿಕದ ತತ್ತ್ವಜ್ಞ ಜಾನ್ ರಾಲ್ಸ್ ಮಂಡಿಸಿದ ನ್ಯಾಯದ ಕಲ್ಪನೆಯನ್ನೂ 1974ರಲ್ಲಿ ಇನ್ನೊಬ್ಬ ತತ್ತ್ವಜ್ಞ ರಾಬರ್ಟ್ ನೊಜಿಕ್ ಅದಕ್ಕೆ ಒಡ್ಡಿದ ಎದುರುವಾದವನ್ನೂ ಪುಟಪುಟವಾಗಿ ಓದಿ, ವಾದ ಯಾವ ಹೆಜ್ಜೆಯಲ್ಲಿ ಮುಗ್ಗರಿಸುತ್ತದೆಂದು ತೋರಿಸಬೇಕು. ಒಂದು ವಾಕ್ಯದ ಮೇಲೆ ಒಂದು ಗಂಟೆ ಕಳೆಯುವುದು ಅಲ್ಲಿ ಮಾಮೂಲು, ಮತ್ತು ಅದು ಎಲ್ಲರಿಗೂ ಒಗ್ಗುವುದಿಲ್ಲ. ಸಮಾಜಶಾಸ್ತ್ರದ ವಿದ್ಯಾರ್ಥಿಯಾದರೆ ಆ ಮಳಿಗೆಗಳ ಒಳಗೇ ಹೋಗುತ್ತಾಳೆ: ಪಾಳಿಯನ್ನು ಯಾರು ಹಂಚುತ್ತಾರೆ, ಕಷ್ಟದ ಪಾಳಿ ಯಾರ ಪಾಲಿಗೆ ಬರುತ್ತದೆ, ಕೂಲಿ ಹೆಚ್ಚಾದಾಗ ಕೆಲಸದ ಅವಧಿಯನ್ನು ಮೊಟಕುಗೊಳಿಸಿದರೇ ಎಂದು ಸಂದರ್ಶನ ಮಾಡಿ, ದಾಖಲಿಸಿ, ಆ ಮಾತುಗಳನ್ನು ವರ್ಗೀಕರಿಸಿ ಬರೆಯುತ್ತಾಳೆ.

ಈ ಮೂರರಲ್ಲಿ ಯಾವ ಕೆಲಸವನ್ನು ಮಾಡುವಾಗ ಅವಳಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂಬುದನ್ನು ಕೇಳಿ ನೋಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಗಣಿತ ಎಷ್ಟು ಬೇಕಾಗುತ್ತದೆ? ಬಿ.ಎ. ಅರ್ಥಶಾಸ್ತ್ರದಲ್ಲಿ ಗಣಿತ ಕಡಿಮೆ, ಬಿ.ಎಸ್‌ಸಿ.ಯಲ್ಲಿ ಹೆಚ್ಚು ಎಂದು ಹೇಳುತ್ತಾರೆ. ಅದು ನಿಜವೇ?

ಉತ್ತರ: ಕೆಲವೆಡೆ ನಿಜ, ಆದರೆ ಅದನ್ನು ನಿಯಮವೆಂದು ತಿಳಿಯಬಾರದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅರ್ಥಶಾಸ್ತ್ರಕ್ಕೆ ಬಿ.ಎಸ್‌ಸಿ. ಕೊಡುತ್ತದೆ, ಕೇಂಬ್ರಿಜ್ ಬಿ.ಎ. ಕೊಡುತ್ತದೆ, ಗಣಿತದ ಭಾರ ಎರಡು ಕಡೆಯೂ ಸಾಕಷ್ಟಿದೆ. ಪದವಿಯ ಹೆಸರನ್ನು ಬಿಟ್ಟು ಕಡ್ಡಾಯ ಪತ್ರಿಕೆಗಳ ಪಟ್ಟಿಯನ್ನು ನೋಡಿ. ಕಲನಶಾಸ್ತ್ರ, ರೇಖೀಯ ಬೀಜಗಣಿತ, ಸಂಖ್ಯಾಶಾಸ್ತ್ರ, ಇಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶವನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ವಿಶ್ಲೇಷಿಸುವ ವಿದ್ಯೆ) ಇವು ಕಡ್ಡಾಯವೋ ಐಚ್ಛಿಕವೋ ಎಂಬುದರಿಂದ ಆ ಪದವಿಯ ಸ್ವರೂಪ ಸ್ಪಷ್ಟವಾಗುತ್ತದೆ. ಗಣಿತಕ್ಕೆ ಹೆದರಿ ತತ್ತ್ವಶಾಸ್ತ್ರಕ್ಕೆ ಬರುವವರಿಗೂ ಒಂದು ಮಾತು: ಅನೇಕ ವಿಭಾಗಗಳಲ್ಲಿ ಸಾಂಕೇತಿಕ ತರ್ಕ (ವಾದಗಳನ್ನು ಚಿಹ್ನೆಗಳಲ್ಲಿ ಬರೆದು ಪರೀಕ್ಷಿಸುವ ವಿದ್ಯೆ) ಮೊದಲ ವರ್ಷದಲ್ಲೇ ಕಡ್ಡಾಯವಾಗಿದ್ದು, ಅಲ್ಲಿ ಅಂಕಿಗಳಿಲ್ಲದಿದ್ದರೂ ಗಣಿತದಲ್ಲಿರುವಂಥ ಸಾಧನೆಗಳನ್ನು (ಪ್ರೂಫ್) ಹೆಜ್ಜೆ ತಪ್ಪದೆ ಬರೆಯಬೇಕಾಗುತ್ತದೆ. ಸಮಾಜಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರವಿಲ್ಲವೆಂಬ ಭ್ರಮೆಯೂ ಬೇಡ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲೇ ಆತ್ಮಹತ್ಯೆಯ ಅಧ್ಯಯನವನ್ನು ಅಂಕಿಅಂಶಗಳ ಮೇಲೆ ಕಟ್ಟಿದ್ದರು.

ಪ್ರಶ್ನೆ: ಇಂಥ ಮೂರು ವಿಷಯಗಳನ್ನು ಸೇರಿಸಿ ಓದುವ ಪಿಪಿಇ ಪದವಿಯೇ ಒಳ್ಳೆಯದಲ್ಲವೇ?

ಉತ್ತರ: ತತ್ತ್ವಶಾಸ್ತ್ರ, ರಾಜಕೀಯಶಾಸ್ತ್ರ ಮತ್ತು ಅರ್ಥಶಾಸ್ತ್ರಗಳನ್ನು ಒಗ್ಗೂಡಿಸಿದ ಈ ಪದವಿ ಆಕ್ಸ್‌ಫರ್ಡ್‌ನಲ್ಲಿ 1920ರಲ್ಲಿ ಆರಂಭವಾಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಎಂಬ ಹೆಸರಿನಲ್ಲಿ ಇದರ ದಾಯಾದಿಯೊಂದಿದೆ. ಇತಿಹಾಸವನ್ನು ನೋಡಿದರೆ ಈ ಕೂಟ ಅಸಹಜವೇನಲ್ಲ: ಅರ್ಥಶಾಸ್ತ್ರದ ಪಿತಾಮಹರೆನಿಸಿದ ಆಡಮ್ ಸ್ಮಿತ್ ಗ್ಲಾಸ್ಗೋದಲ್ಲಿ ನೀತಿತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಮತ್ತು ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಅವರ ಪ್ರಯತ್ನದಿಂದ 1903ರಲ್ಲಷ್ಟೇ ಅರ್ಥಶಾಸ್ತ್ರಕ್ಕೆ ತನ್ನದೇ ಆದ ಪದವಿ ಪರೀಕ್ಷೆ ದೊರೆಯಿತು.

ಆದರೂ ನನಗೆ ಎರಡು ಅನುಮಾನಗಳಿವೆ. ಮೊದಲನೆಯದಾಗಿ, ಮೂರು ವಿಭಾಗಗಳು ತಮ್ಮ ತಮ್ಮ ಪತ್ರಿಕೆಗಳನ್ನು ತಮ್ಮ ಪಾಡಿಗೆ ಕಲಿಸಿ, ಅವುಗಳನ್ನು ಜೋಡಿಸುವ ಹೊಣೆಯನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವುದೇ ಹೆಚ್ಚು. ಎಲ್ಲವನ್ನೂ ಒಟ್ಟಿಗೆ ತರುವ ಪತ್ರಿಕೆಯೋ ಕಡ್ಡಾಯ ಪ್ರಬಂಧವೋ ಇದೆಯೇ ಎಂದು ವಿಚಾರಿಸಿಯೇ ಸೇರಬೇಕು. ಎರಡನೆಯದು ಇನ್ನೂ ಗಂಭೀರ. ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬಯಸುವವರಿಂದ ಹಲವು ಪ್ರಮುಖ ವಿಶ್ವವಿದ್ಯಾಲಯಗಳು ರೇಖೀಯ ಬೀಜಗಣಿತ, ವಾಸ್ತವ ವಿಶ್ಲೇಷಣೆ (ರಿಯಲ್ ಅನಾಲಿಸಿಸ್, ಅಂದರೆ ಕಲನಶಾಸ್ತ್ರದ ತಳಹದಿಯ ಅಧ್ಯಯನ) ಇಂಥ ಗಣಿತವನ್ನು ನಿರೀಕ್ಷಿಸುತ್ತವೆ. ಸಂಯುಕ್ತ ಪದವಿಯಲ್ಲಿ ಅದಕ್ಕೆ ಜಾಗವೇ ಉಳಿಯದಿರಬಹುದು. ಆಕ್ಸ್‌ಫರ್ಡ್‌ನಲ್ಲಿ ಮೊದಲ ವರ್ಷದ ಬಳಿಕ ಮೂರರಲ್ಲಿ ಒಂದನ್ನು ಕೈಬಿಡುವ ಅವಕಾಶವಿರುವುದರಿಂದ, ಏನನ್ನು ಬಿಡುತ್ತೇವೆಂಬುದೇ ಮುಂದಿನ ಬಾಗಿಲುಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಪತ್ರಿಕೋದ್ಯಮ, ಆಡಳಿತ ಸೇವೆ ಅಥವಾ ಕಾನೂನಿನತ್ತ ಹೋಗುವವರಿಗೆ ಈ ಚಿಂತೆ ಅಷ್ಟಾಗಿ ಬೇಕಿಲ್ಲ.

ಪ್ರಶ್ನೆ: ಸಂಬಳದ ದೃಷ್ಟಿಯಿಂದ ಯಾವುದು ಮೇಲು?

ಉತ್ತರ: ಸರಾಸರಿಯನ್ನು ನೋಡಿದರೆ ಅನೇಕ ದೇಶಗಳಲ್ಲಿ ಅರ್ಥಶಾಸ್ತ್ರದ ಪದವೀಧರರ ಗಳಿಕೆ ಹೆಚ್ಚು. ಆದರೆ ಗಣಿತದಲ್ಲಿ ಚುರುಕಾದವರು, ಬ್ಯಾಂಕಿಂಗ್‌ಗೆ ಹೋಗಬೇಕೆಂದು ಮೊದಲೇ ನಿಶ್ಚಯಿಸಿದವರು ಆ ಪದವಿಗೇ ಹೆಚ್ಚಾಗಿ ಸೇರುವುದರಿಂದ, ಆ ವ್ಯತ್ಯಾಸದಲ್ಲಿ ಪದವಿಯ ಪಾಲೆಷ್ಟು, ಸೇರಿದವರ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. (ಇಕನಾಮೆಟ್ರಿಕ್ಸ್ ಪರೀಕ್ಷೆಯಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆಯೂ ಇದೇ.)

ಮೊದಲ ಸದಸ್ಯರ ಮರುಪ್ರಶ್ನೆ: ಧನ್ಯವಾದಗಳು. ಮಗಳು ತತ್ತ್ವಶಾಸ್ತ್ರದತ್ತ ಒಲಿಯುತ್ತಿದ್ದಾಳೆ. ಮುಂದೆ ಮನಸ್ಸು ಬದಲಾದರೆ ಅರ್ಥಶಾಸ್ತ್ರಕ್ಕೆ ಹೋಗಬಹುದೇ?

ಉತ್ತರ: ಅರ್ಥಶಾಸ್ತ್ರದಿಂದ ತತ್ತ್ವಶಾಸ್ತ್ರಕ್ಕೆ ಬರುವುದಕ್ಕಿಂತ ಅದು ಕಷ್ಟ, ಕಾರಣ ಮೇಲೆ ಹೇಳಿದ ಗಣಿತವೇ. ಪದವಿಯ ಹಣೆಪಟ್ಟಿ ಮಾತ್ರ ಯಾರನ್ನೂ ಕಟ್ಟಿಹಾಕುವುದಿಲ್ಲ: ರಾಜಕೀಯಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ, ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದೆ. ಐಚ್ಛಿಕ ಪತ್ರಿಕೆಗಳಲ್ಲಿ ಪ್ರತಿ ವರ್ಷವೂ ಒಂದನ್ನು ಗಣಿತಕ್ಕೋ ಸಂಖ್ಯಾಶಾಸ್ತ್ರಕ್ಕೋ ಮೀಸಲಿಟ್ಟುಕೊಂಡರೆ ಆ ದಾರಿ ತೆರೆದೇ ಇರುತ್ತದೆ. ಸೇರುವ ಮುನ್ನ ಆ ವಿಭಾಗದ ಎರಡನೆಯ ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಿಸಿಕೊಂಡು ಓದಲಿ. ಮೊದಲ ವರ್ಷದವು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಒಂದು ವಿಭಾಗಕ್ಕೂ ಇನ್ನೊಂದಕ್ಕೂ ಇರುವ ಅಂತರ ಎರಡನೆಯ ವರ್ಷದಲ್ಲಿ ಕಾಣತೊಡಗುತ್ತದೆ.