ದೂರದ ಪಾಯಿಂಟ್‌ಗಳು ಅರ್ಧಕ್ಕೇ ನಿಲ್ಲುತ್ತಿವೆ: ಬದಲಿಸಬೇಕಾದದ್ದು ಸ್ವಿಚ್ ಮೆಷಿನ್ನೋ, ವೈರಿಂಗೋ?

ಪ್ರಶ್ನೆ

ನನ್ನ ಮಾದರಿ ರೈಲಿನ ಲೇಔಟ್‌ನಲ್ಲಿ ಪಾಯಿಂಟ್‌ಗಳನ್ನು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಕವಲುಗಳನ್ನು) ತಿರುಗಿಸಲು, ಒಂದು ಕಾಯಿಲ್ ಎಡಕ್ಕೂ ಇನ್ನೊಂದು ಬಲಕ್ಕೂ ಎಳೆಯುವ ಜೋಡಿ ಕಾಯಿಲ್‌ನ ಸ್ವಿಚ್ ಮೆಷಿನ್‌ಗಳನ್ನು ಹಲಗೆಯ ಅಡಿಯಲ್ಲಿ ಕೂರಿಸಿದ್ದೇನೆ. 16 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್‌ನಿಂದ ಪುಷ್ ಬಟನ್‌ಗಳ ಮೂಲಕ ನೇರವಾಗಿ ವಿದ್ಯುತ್ ಹೋಗುತ್ತದೆ. ಎಲ್ಲ ಕಡೆಯೂ 0.5 ಮಿ.ಮೀ. ವ್ಯಾಸದ ಟೆಲಿಫೋನ್ ಕೇಬಲ್ಲಿನ ಎಳೆಗಳನ್ನೇ ಬಳಸಿದ್ದೇನೆ. ಕಂಟ್ರೋಲ್ ಪ್ಯಾನೆಲ್‌ಗೆ ಹತ್ತಿರವಿರುವ ಪಾಯಿಂಟ್‌ಗಳು ಟಕ್ಕೆಂದು ತಿರುಗುತ್ತವೆ. ಐದು ಮೀಟರ್ ಆಚೆಗಿರುವವು ಮಾತ್ರ ಆಗಾಗ ಅರ್ಧದಲ್ಲೇ ನಿಲ್ಲುವುದರಿಂದ ಬ್ಲೇಡ್ (ಪಾಯಿಂಟ್‌ನಲ್ಲಿ ಸರಿಯುವ ಹಳಿತುಂಡು) ಪಕ್ಕದ ಹಳಿಗೆ ಪೂರ್ತಿ ಒತ್ತಿಕೊಳ್ಳದೆ ಎಂಜಿನ್ ಹಳಿ ತಪ್ಪುತ್ತಿದೆ. ಒಂದೇ ಬಟನ್‌ನಿಂದ ಎರಡು ಮೆಷಿನ್‌ಗಳು ತಿರುಗಬೇಕಾದ ಕ್ರಾಸ್‌ಓವರ್‌ನಲ್ಲಿ (ಎರಡು ಅಕ್ಕಪಕ್ಕದ ಹಳಿದಾರಿಗಳನ್ನು ಜೋಡಿಸುವಲ್ಲಿ) ಈ ತೊಂದರೆ ಇನ್ನೂ ಹೆಚ್ಚು. ಇವುಗಳ ಜೊತೆಗೆ ಒಂದು ಪಾಯಿಂಟ್ ಎಡಕ್ಕೆ ಸರಾಗವಾಗಿ ತಿರುಗಿದರೂ ಬಲಕ್ಕೆ ತಿರುಗುವುದೇ ಇಲ್ಲ. ಎಲ್ಲವನ್ನೂ ಕಿತ್ತು ನಿಧಾನಗತಿಯ ಮೋಟಾರ್‌ಗಳನ್ನು ಹಾಕುವುದು ಒಳ್ಳೆಯದೇ?

ಉತ್ತರ 1

ಬಲಕ್ಕೆ ತಿರುಗದ ಪಾಯಿಂಟನ್ನು ಮಿಕ್ಕವುಗಳ ಜೊತೆ ಸೇರಿಸಬೇಡಿ, ಅದರ ಕಾರಣ ಬೇರೆ ಇರಬಹುದು. ವಿದ್ಯುತ್ ಆರಿಸಿ, ಆ ಮೆಷಿನ್ನಿನ ಎರಡು ತುದಿಯ ವೈರ್‌ಗಳನ್ನು ಅದಲುಬದಲು ಮಾಡಿ, ವಿದ್ಯುತ್ ವಾಪಸು ಹೋಗುವ ಮಧ್ಯದ ಮರಳು ವೈರನ್ನು ಹಾಗೆಯೇ ಬಿಡಿ. ಈಗ ಪಾಯಿಂಟ್ ಬಲಕ್ಕೆ ತಿರುಗಿ ಎಡಕ್ಕೆ ತಿರುಗದಿದ್ದರೆ ದೋಷ ಬಟನ್‌ನಲ್ಲೋ ವೈರಿನಲ್ಲೋ ಇದೆ ಎಂದಾಯಿತು. ಮೊದಲಿನಂತೆಯೇ ಬಲಕ್ಕೆ ತಿರುಗದಿದ್ದರೆ ಕಾಯಿಲ್ಲನ್ನೋ ಪಾಯಿಂಟನ್ನೋ ಶಂಕಿಸಬೇಕು. ಎರಡೂ ಕಾಯಿಲ್‌ಗಳ ರೋಧವನ್ನು ಮಲ್ಟಿಮೀಟರ್‌ನಿಂದ ಅಳೆದು ನೋಡಿ. ಅವು ಹೆಚ್ಚುಕಡಿಮೆ ಸಮವಾಗಿರಬೇಕು.

ಉತ್ತರ 2

ಮಿಕ್ಕ ಪಾಯಿಂಟ್‌ಗಳ ವಿಷಯದಲ್ಲಿ ತಪ್ಪಿತಸ್ಥ ನಿಮ್ಮ ವೈರ್ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. 0.5 ಮಿ.ಮೀ. ವ್ಯಾಸದ ತಾಮ್ರದ ಎಳೆ ಹೋಗಿ ಬರುವ ಹತ್ತು ಮೀಟರಿಗೆ ಸುಮಾರು 0.9 ಓಮ್ ರೋಧ ಒಡ್ಡುತ್ತದೆ. ಬೇರೆ ಕಡೆ ಇದು ಲೆಕ್ಕಕ್ಕೆ ಬಾರದಿರಬಹುದು, ಆದರೆ ಈ ಬಗೆಯ ಕಾಯಿಲ್‌ನ ರೋಧವೇ ಹಲವು ಮಾದರಿಗಳಲ್ಲಿ ಬರೀ 4 ಓಮ್‌ನ ಆಸುಪಾಸಿನಲ್ಲಿರುವುದರಿಂದ, ಪ್ರವಾಹದಲ್ಲಿ ಐದರಲ್ಲಿ ಒಂದು ಪಾಲಿನಷ್ಟು ದಾರಿಯಲ್ಲೇ ಸೋರಿಹೋದಂತಾಗುತ್ತದೆ. ಕಾಯಿಲ್ ಎಳೆಯುವ ಬಲವು ಪ್ರವಾಹದ ವರ್ಗಕ್ಕೆ ಹತ್ತಿರಹತ್ತಿರ ಅನುಗುಣವಾಗಿರುವುದರಿಂದ, ಬಲದಲ್ಲಿ ಆಗುವ ನಷ್ಟ ಮೂರನೇ ಒಂದು ಭಾಗವನ್ನು ಮುಟ್ಟುತ್ತದೆ. ಕ್ರಾಸ್‌ಓವರ್‌ನಲ್ಲಿ ಎರಡು ಕಾಯಿಲ್‌ಗಳ ಪ್ರವಾಹವೂ ಒಂದೇ ಮರಳು ವೈರಿನಲ್ಲಿ ಹರಿಯುವುದರಿಂದ ಅಲ್ಲಿ ಸ್ಥಿತಿ ಇನ್ನೂ ಹದಗೆಡುತ್ತದೆ. 0.75 ಚದರ ಮಿ.ಮೀ. ವೈರ್ ಎಳೆದರೆ ಅದೇ ದೂರಕ್ಕೆ ರೋಧ ಕಾಲು ಓಮ್‌ಗಿಂತ ಕಡಿಮೆಯಾಗುತ್ತದೆ.

ವೈರಿನ ಜೊತೆಗೆ ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್ ಒಂದನ್ನು ಹಾಕಿಕೊಳ್ಳಿ, ಅದು ವಿದ್ಯುತ್ತನ್ನು ಕೂಡಿಟ್ಟು ಬಟನ್ ಒತ್ತಿದಾಗ ಒಂದೇ ಬಾರಿಗೆ ಕಾಯಿಲ್‌ಗೆ ಬಿಡುತ್ತದೆ. 16 ವೋಲ್ಟ್ ಎಸಿಯನ್ನು ಡಯೋಡ್‌ಗಳಿಂದ ಡಿಸಿಗೆ ತಿರುಗಿಸಿದಾಗ ಕೆಪಾಸಿಟರ್ ಸುಮಾರು 22 ವೋಲ್ಟ್‌ವರೆಗೆ ತುಂಬುತ್ತದೆ. 4700 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ ಆಗ ಒಂದು ಜೌಲ್‌ಗೂ ಮೀರಿದ ಶಕ್ತಿ ಇರುತ್ತದೆ. ಅದನ್ನೇ 12 ವೋಲ್ಟ್ ಡಿಸಿಯಿಂದ ತುಂಬಿಸಿದರೆ ಮೂರನೇ ಒಂದು ಭಾಗವೂ ಸಿಗುವುದಿಲ್ಲ. ಹೊರೆಯಿಲ್ಲದಾಗ ಟ್ರಾನ್ಸ್‌ಫಾರ್ಮರ್ ತನ್ನ ಮೇಲೆ ಬರೆದದ್ದಕ್ಕಿಂತ ಹೆಚ್ಚು ವೋಲ್ಟ್ ಕೊಡುವುದು ಸಾಮಾನ್ಯವಾದ್ದರಿಂದ 25 ವೋಲ್ಟ್‌ನ ಕೆಪಾಸಿಟರ್ ಬೇಡ, 35 ವೋಲ್ಟ್‌ನದೇ ಇರಲಿ. ಈಗ ನೀವು ನೇರವಾಗಿ ವಿದ್ಯುತ್ ಕೊಡುತ್ತಿರುವುದರಿಂದ ಒಂದು ಬಟನ್ ಒತ್ತಿದಂತೆಯೇ ಸಿಕ್ಕಿಕೊಂಡರೂ ಕಾಯಿಲ್ ಸುಟ್ಟುಹೋಗುತ್ತದೆ. ಈ ಯೂನಿಟ್ ಇದ್ದರೆ ಒಂದೇ ಏಟಿಗೆ ಶಕ್ತಿಯೆಲ್ಲ ಖಾಲಿಯಾಗಿ, ಆಮೇಲೆ ಹರಿಯುವ ಪ್ರವಾಹ ಅತ್ಯಲ್ಪವಾಗಿರುತ್ತದೆ.

ಪ್ರಶ್ನೆ ಕೇಳಿದವರಿಂದ

ವೈರ್ ಅದಲುಬದಲು ಮಾಡಿದ ಮೇಲೂ ಆ ಪಾಯಿಂಟ್ ಬಲಕ್ಕೆ ತಿರುಗಲಿಲ್ಲ, ಕಾಯಿಲ್‌ಗಳ ರೋಧ ಮಾತ್ರ ಸಮವಾಗಿಯೇ ಇದೆ. ಮೆಷಿನ್ ಬಿಚ್ಚಿ ಬೆರಳಿನಿಂದ ಸರಿಸಿದಾಗ, ಬ್ಲೇಡ್‌ಗಳನ್ನು ಜೋಡಿಸುವ ಪಟ್ಟಿಯ ಬಲತುದಿಯಲ್ಲಿ ಜಲ್ಲಿಗೆ ಹಾಕಿದ ಅಂಟು ಹರಿದುಬಂದು ಗಟ್ಟಿಯಾಗಿರುವುದು ಕಂಡಿತು. ಕೆರೆದು ತೆಗೆದಮೇಲೆ ಸರಿಹೋಯಿತು. ಆದರೂ ನಿಧಾನಗತಿಯ ಮೋಟಾರ್‌ಗಳ ಬಗ್ಗೆ ತಿಳಿಯುವ ಆಸೆ ಉಳಿದೇ ಇದೆ.

ಉತ್ತರ 3

ಟಾರ್ಟಾಯ್ಸ್ ಎಂಬ ಬ್ರಾಂಡಿನಂಥ ನಿಧಾನಗತಿಯ ಮೋಟಾರ್ ತುದಿ ಮುಟ್ಟಿದ ಮೇಲೂ ವಿದ್ಯುತ್ತಿನಲ್ಲಿ ಇದ್ದುಕೊಂಡೇ ಬ್ಲೇಡನ್ನು ಒತ್ತಿ ಹಿಡಿಯುತ್ತದೆ. 12 ವೋಲ್ಟ್ ಡಿಸಿಯಲ್ಲಿ ಹಾಗೆ ನಿಂತಾಗ ಅದು ಬಳಸುವುದು ಸುಮಾರು 16 ಮಿಲಿಆಂಪಿಯರ್ ಅಷ್ಟೇ. ಅಂದರೆ ನಿಮ್ಮ ಟೆಲಿಫೋನ್ ಎಳೆಗಳು ಇದಕ್ಕೆ ಧಾರಾಳವಾಗಿ ಸಾಕು. ಪುಷ್ ಬಟನ್‌ಗಳ ಬದಲು, ಧ್ರುವವನ್ನು ತಿರುಗಿಸುವ ಎರಡು ದಾರಿಯ ಟಾಗಲ್ ಸ್ವಿಚ್‌ಗಳು ಬೇಕಾಗುತ್ತವೆ. ಫ್ರಾಗ್‌ನ (ಪಾಯಿಂಟ್‌ನಲ್ಲಿ ಎರಡು ಹಳಿಗಳು ಒಂದನ್ನೊಂದು ದಾಟುವ ಜಾಗದ) ಧ್ರುವ ಬದಲಿಸಲು ಬೇಕಾದ ಕಾಂಟ್ಯಾಕ್ಟ್‌ಗಳು ಮೋಟಾರ್ ಒಳಗೇ ಇರುವುದು ಇನ್ನೊಂದು ಅನುಕೂಲ. ಆದರೆ ಹಲಗೆಯ ಅಡಿಯಲ್ಲಿ ಎಂಟು ಸೆಂಟಿಮೀಟರ್‌ಗೂ ಹೆಚ್ಚು ಜಾಗ ಬೇಕು. ಪಾಯಿಂಟ್‌ನಲ್ಲಿ ಬ್ಲೇಡ್ ಹಿಡಿದಿಡುವ ಸ್ಪ್ರಿಂಗ್ ಇದ್ದರೆ ಅದನ್ನು ತೆಗೆದುಬಿಡುವುದು ಒಳ್ಳೆಯದು. ಜೋಡಿ ಕಾಯಿಲ್ ಇರುವಲ್ಲಿ ಮಾತ್ರ ತೆಗೆಯಬೇಡಿ, ಅಲ್ಲಿ ಬ್ಲೇಡನ್ನು ಹಿಡಿದಿಡುವುದು ಆ ಸ್ಪ್ರಿಂಗೇ. ನನ್ನನ್ನು ಕೇಳಿದರೆ, ಕ್ರಾಸ್‌ಓವರ್‌ಗೆ ಮಾತ್ರ ಮೋಟಾರ್ ಹಾಕಿ, ಉಳಿದವನ್ನು ಕೆಪಾಸಿಟರ್ ಯೂನಿಟ್‌ನಿಂದಲೇ ನಡೆಸಬಹುದು.

ಉತ್ತರ 4

ನಿರ್ವಹಣೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕಾಯಿಲ್ ಒಳಗೆ ಓಡಾಡುವ ಕಬ್ಬಿಣದ ಕಡ್ಡಿಗೆ ಎಣ್ಣೆ ಹಾಕಬೇಡಿ. ಎಣ್ಣೆಗೆ ದೂಳು ಕೂತು ಜಿಡ್ಡುಗಟ್ಟಿದರೆ ಹೊಸ ವೈರಿನಿಂದಲೂ ಪ್ರಯೋಜನವಾಗದು. ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು, ಮರಳು ಕಾಗದದಿಂದ ಉಜ್ಜುವುದು ಬೇಡ. ಮೆಷಿನ್ ಮತ್ತೆ ಕೂರಿಸುವಾಗ ಬ್ಲೇಡ್‌ಗಳನ್ನೂ ಕಡ್ಡಿಯನ್ನೂ ನಟ್ಟನಡುವೆ ನಿಲ್ಲಿಸಿಯೇ ಸ್ಕ್ರೂ ಬಿಗಿಯಿರಿ. ಒಂದು ಕಡೆಗೆ ವಾಲಿದ್ದರೆ ಇನ್ನೊಂದು ಕಡೆ ಬ್ಲೇಡ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಹೇಗೂ ವೈರ್ ಬದಲಿಸುತ್ತಿದ್ದೀರಿ, ಪ್ರತಿ ಮೆಷಿನ್‌ಗೂ ಸ್ಕ್ರೂ ಇರುವ ಕನೆಕ್ಟರ್ ಒಂದನ್ನು ಹಾಕಿ, ಎರಡು ತುದಿಗೂ ಒಂದೇ ಸಂಖ್ಯೆಯ ಚೀಟಿ ಅಂಟಿಸಿಬಿಡಿ. ಮುಂದೆ ಮೆಷಿನ್ ಬಿಚ್ಚಬೇಕಾದಾಗ, ಹಲಗೆಯ ಕೆಳಗೆ ಅಂಗಾತ ಮಲಗಿ ಬೆಸುಗೆಯ ಬಿಸಿ ಹನಿಯನ್ನು ಮುಖದ ಮೇಲೆ ಬೀಳಿಸಿಕೊಳ್ಳುವುದು ತಪ್ಪುತ್ತದೆ.