ಅಪ್‌ಡೇಟ್: ಸಬ್‌ಅವಾರ್ಡ್ ಸೇರಿಸಿದ ಮೇಲೆ ಬಜೆಟ್ ಮಿತಿ ಮೀರಿದ್ದು

ಸಬ್‌ಅವಾರ್ಡ್ (ಅನುದಾನದಲ್ಲಿ ಸಹಭಾಗಿ ಸಂಸ್ಥೆಗೆ ಕೊಡುವ ಪಾಲು) ಸೇರಿಸಿದರೆ ಬಜೆಟ್ ಮಿತಿ ಮೀರುತ್ತೆ, ಏನು ಮಾಡೋದು ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೆ ಆರ್01 (ಅವರ ಒಂದು ಸಂಶೋಧನಾ ಅನುದಾನ) ಪ್ರಸ್ತಾವ. ನಮ್ಮ ನೇರ ಖರ್ಚು (ಸಂಶೋಧನೆಗೇ ಆಗುವ ಖರ್ಚು) ವರ್ಷಕ್ಕೆ 1.9 ಲಕ್ಷ ಡಾಲರ್, ಸಹಭಾಗಿ ವಿಶ್ವವಿದ್ಯಾಲಯದ್ದು 90 ಸಾವಿರ. ಒಟ್ಟು 2.8 ಲಕ್ಷ, ಆದರೆ ಮಾಡ್ಯುಲರ್ ಬಜೆಟ್‌ಗೆ (ಬಾಬುವಾರು ವಿವರ ಬೇಡದ ಸರಳ ಬಜೆಟ್) ವರ್ಷಕ್ಕೆ ನೇರ ಖರ್ಚಿನ ಮಿತಿ 2.5 ಲಕ್ಷ. ಈಗ ಬಗೆಹರಿದಿದೆ.

ಕೆಲಸ ಮಾಡಿದ್ದು, ‘ಆ 90 ಸಾವಿರವನ್ನು ಬಿಡಿಸಿ ನೋಡಿ’ ಅಂದವರ ಸಲಹೆ. ಅದರಲ್ಲಿ ನೇರ ಖರ್ಚು 60 ಸಾವಿರ, ಉಳಿದ 30 ಸಾವಿರ ಅವರ ಓವರ್‌ಹೆಡ್ (ಕಟ್ಟಡ, ಆಡಳಿತದಂಥ ಪರೋಕ್ಷ ಖರ್ಚು). ಮಿತಿ ಲೆಕ್ಕಕ್ಕೆ ಸಹಭಾಗಿಯ ಓವರ್‌ಹೆಡ್ ಬರುವುದೇ ಇಲ್ಲ. ಸರಿಯಾಗಿ 2.5 ಲಕ್ಷಕ್ಕೆ ನಿಂತಿತು!

‘ಸಹಭಾಗಿಗಳನ್ನು ಕನ್ಸಲ್ಟೆಂಟ್ ಅಂತ ತೋರಿಸಿ’ ಅನ್ನೋ ಇನ್ನೊಂದು ಸಲಹೆ ನಡೆಯಲಿಲ್ಲ. ಸಂಶೋಧನೆಯ ಒಂದು ಭಾಗವನ್ನೇ ಅವರು ತಮ್ಮ ಲ್ಯಾಬಿನಲ್ಲಿ ನಡೆಸುವಾಗ ಅದು ಸಬ್‌ಅವಾರ್ಡೇ.

ಗೊತ್ತಿಲ್ಲದೇ ಇದ್ದದ್ದು ಇನ್ನೊಂದಿತ್ತು. ಸಬ್‌ಅವಾರ್ಡಿನ ಮೊದಲ 25 ಸಾವಿರಕ್ಕೆ ಮಾತ್ರ ನಮ್ಮ ಓವರ್‌ಹೆಡ್ ಹಾಕಬಹುದು, ಉಳಿದದ್ದಕ್ಕೆ ಇಲ್ಲ. ಅದೂ ಇಡೀ ಅವಧಿಗೆ ಒಂದೇ ಸಲ. ಎಕ್ಸೆಲ್‌ನಲ್ಲಿ ಐದೂ ವರ್ಷಕ್ಕೆ ಹಾಕಿಬಿಟ್ಟಿದ್ದೆ. ಸರಿಯಾದ ಲೆಕ್ಕ: ಮೊದಲ ವರ್ಷ 2.15 ಲಕ್ಷಕ್ಕೆ (ನಮ್ಮ 1.9 ಲಕ್ಷ + ಆ 25 ಸಾವಿರ) ಓವರ್‌ಹೆಡ್, ಆಮೇಲೆ 1.9 ಲಕ್ಷಕ್ಕಷ್ಟೇ. 2024ರ ಅಕ್ಟೋಬರ್‌ನಿಂದ ಫೆಡರಲ್ ನಿಯಮದಲ್ಲಿ ಈ 25 ಸಾವಿರ ಈಗ 50 ಸಾವಿರ ಆಗಿದೆ, ಆದರೆ ಓವರ್‌ಹೆಡ್ ದರದ ಬಗ್ಗೆ ಸರ್ಕಾರದ ಜೊತೆ ನಮ್ಮ ಸಂಸ್ಥೆ ಮಾಡಿಕೊಂಡ ಒಪ್ಪಂದ ಹಳೆಯದು. ನಿಮ್ಮದರಲ್ಲಿ ಏನಿದೆ ಅಂತ ಓದಿಯೇ ಹಾಕಿ.

ಸಹಭಾಗಿಯ ಪ್ರೊಫೆಸರ್ ಒಬ್ಬರೇ ಸಹಿ ಹಾಕಿದ್ದ ಒಪ್ಪಿಗೆ ಪತ್ರ ವಾಪಸ್ ಬಂತು. ಅಲ್ಲಿನ ಅಧಿಕೃತ ಅಧಿಕಾರಿಯ ಸಹಿಯೇ ಬೇಕು.